ನಾಲ್ಕನೆಯ ಮ್ಯಾಕ್ರೊ

ಆ ಕುರ್ಚಿ ಯಾವತ್ತೂ ಮೇಜಿಗೆ ನೇರವಾಗಿ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ನಾನು ಸರಿಪಡಿಸಿ ಕೂತರೆ ಮಧ್ಯಾಹ್ನದ ಹೊತ್ತಿಗೆ ಅದು ತನ್ನ ಪಾಡಿಗೆ ತಾನು ಕಿಟಕಿಯ ಕಡೆ ಒಂದು ಅಂಗೈಯಷ್ಟು ತಿರುಗಿರುತ್ತಿತ್ತು. ಕೆಂಪು ಗಾರೆಯ ನೆಲದಲ್ಲಿ ಅದರ ನಾಲ್ಕು ಕಾಲಿಗೂ ನಾಲ್ಕು ಸಣ್ಣ ಗುಳಿಗಳಿದ್ದವು. ಇಪ್ಪತ್ತಾರು ವರ್ಷ ಒಬ್ಬರೇ ಕೂತು ಸವೆಸಿದ ಗುಳಿಗಳು. ಕುರ್ಚಿ ಅವನ್ನು ಹುಡುಕಿಕೊಂಡು ಹೋಗುತ್ತಿತ್ತು. ಕಿಟಕಿಯಾಚೆ ನೋಡುವಂಥದ್ದೇನೂ ಇರಲಿಲ್ಲ. ಪಕ್ಕದ ಕಟ್ಟಡದ ಬೆನ್ನು, ಅದರ ತಲೆಯ ಮೇಲೊಂದು ನೀರಿನ ತೊಟ್ಟಿ, ಅಷ್ಟೆ. ದಿನವೂ ಹನ್ನೊಂದರ ಸುಮಾರಿಗೆ ತೊಟ್ಟಿ ತುಂಬಿ ಅಂಚಿನಿಂದ ನೀರು ದಾರದ ಹಾಗೆ ಇಳಿಯುತ್ತಿತ್ತು. ಯಾರೋ ಗೊಣಗುತ್ತ ಹೋಗಿ ಮೋಟರು ಆರಿಸಿದ ಮೇಲೆ ನಿಲ್ಲುತ್ತಿತ್ತು.

ಪದವಿ ಮುಗಿದ ವರ್ಷವೇ ನಾನು ಆ ಕುರ್ಚಿಗೆ ಬಂದೆ. ಅದೊಂದು ನೇತ್ರದಾನ ಸಂಘದ ಕಚೇರಿ. ಎರಡು ಕೋಣೆ, ಒಂದು ಜಗಲಿ, ಜಗಲಿಯಲ್ಲೊಂದು ಮರದ ಬೆಂಚು. ಯಾರದಾದರೂ ಮನೆಯಲ್ಲಿ ಸಾವಾಗಿ ಕಣ್ಣು ಕೊಡಲು ಒಪ್ಪಿದರೆ ಆಸ್ಪತ್ರೆಯವರನ್ನು ಕಳಿಸುವುದು ಸಂಘದ ಮೊದಲ ಕೆಲಸ. ಎರಡನೆಯದು ಕಾಗದ ಬರೆಯುವುದು. ಪ್ರತಿವರ್ಷ, ತೀರಿಕೊಂಡವರ ದಿನ ಬಂದಾಗ, ಆ ಮನೆಗೆ ಒಂದು ಪತ್ರ ಹೋಗಬೇಕು. ಕಣ್ಣು ತೆಗೆದುಕೊಂಡ ಮೇಲೆ ಮನೆಯವರನ್ನು ಮರೆತರೆ ಅದನ್ನು ದಾನ ಎನ್ನಲಾಗದು, ಕಳವು ಎನ್ನಬೇಕಾಗುತ್ತದೆ ಎಂದು ಸಂಘ ಕಟ್ಟಿದ ದೊಡ್ಡ ಡಾಕ್ಟರು ಹೇಳುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಅವರೂ ಗೋಡೆಯ ಮೇಲಿನ ಪಟವಾಗಿದ್ದರು.

ಊರು ನನಗೆ ಹೊಸದು. ಹಿಟ್ಟಿನ ಗಿರಣಿಯ ಮೇಲಿನ ಒಂದು ಕೋಣೆಯಲ್ಲಿ ಬಾಡಿಗೆಗಿದ್ದೆ. ಬಟ್ಟೆ, ಪುಸ್ತಕ, ತಲೆಗೂದಲಿಗೆಲ್ಲ ತೆಳ್ಳಗೆ ಜೋಳದ ವಾಸನೆ. ಮಾತು ನನಗೆ ಚಿಕ್ಕಂದಿನಿಂದಲೂ ಕಷ್ಟ. ಯಾರಿಗಾದರೂ ಫೋನು ಮಾಡಬೇಕಾದರೆ ಆಡಬೇಕಾದ ವಾಕ್ಯವನ್ನು ಮೊದಲು ಚೀಟಿಯಲ್ಲಿ ಬರೆದುಕೊಳ್ಳುತ್ತಿದ್ದೆ. ಆಮೇಲೆ ಚೀಟಿಯನ್ನು ಮಡಚಿಟ್ಟು, ಫೋನು ಮಾಡದೆ ಇರುತ್ತಿದ್ದೆ. ದಿನಚರಿ ಮಾತ್ರ ತಪ್ಪಿಸಿದವಳಲ್ಲ. ಆ ವರ್ಷದ ಪುಟಗಳನ್ನು ಈಗ ತೆರೆದರೆ ಇಂಥ ಸಾಲುಗಳು ಸಿಗುತ್ತವೆ: "ಇವತ್ತು ಆಡಿದ ಮಾತು: ಅರ್ಧ ಲೀಟರು, ಹೂಂ, ಹೂಂ, ಚಿಲ್ಲರೆ ಇಲ್ಲ."

ಸಂಘದ ಕಾರ್ಯದರ್ಶಿ ಗುರುಸಿದ್ಧಯ್ಯನವರು ಕೆಟ್ಟವರಲ್ಲ. ಗಡಿಬಿಡಿಯವರು. ಒಂದು ಕೆಲಸ ಮುಗಿಯುವ ಮೊದಲೇ ಮುಗಿಯಿತೆಂದು ನಾಲ್ಕು ಜನಕ್ಕೆ ಹೇಳಿಬಿಡುವ ಸ್ವಭಾವ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದರು: "ನೋಡಮ್ಮ, ದಿನಕ್ಕೊಂದು ಎರಡು ಕಾಗದ ಬರ್ಕೊಂಡು ಕೂರೋ ಕಾಲ ಹೋಯ್ತು. ನಾನೂರ ಹನ್ನೆರಡು ಮನೆ ಇದಾವೆ. ಇನ್ಮೇಲೆ ವರ್ಷಕ್ಕೊಂದು ಸ್ಮರಣೆ ದಿನ. ಅವತ್ತಿಗೆ ಎಲ್ಲ ಮನೆಗೂ ಒಟ್ಟಿಗೆ ಮುಟ್ಟಬೇಕು. ಕಾಲೇಜಲ್ಲಿ ಅದ್ಯಾವ್ದೋ ಹೊಸ ಭಾಷೆ ಕಲಿತಿದೀರಂತಲ್ಲ, ಅದರಲ್ಲಿ ಒಂದು ಪ್ರೋಗ್ರಾಮು ಮಾಡಿ. ಗುಂಡಿ ಒತ್ತಿದ್ರೆ ನಾನೂರ ಹನ್ನೆರಡು ಬರಬೇಕು."

"ಈಗಿನ ಪತ್ರಗಳನ್ನ ಯಾರು ಮಾಡ್ತಿದ್ರು?" ಎಂದು ಕೇಳಿದೆ. ಅಷ್ಟು ಕೇಳಲು ನನಗೆ ಅರ್ಧ ಲೋಟ ನೀರು ಬೇಕಾಯಿತು.

"ಅನಂತಮತಿಯವರು. ಮೂರು ತಿಂಗಳಾಯ್ತು ನಿವೃತ್ತಿಯಾಗಿ. ಎಲ್ಲ ಅವರ ಕಂಪ್ಯೂಟರಿನಲ್ಲೇ ಇದೆ. ಅವರು ಕಟ್ಟಿಟ್ಟಿದ್ದನ್ನೇ ಬಳಸ್ಕೊಳ್ಳಿ. ಪತ್ರದ ಭಾಷೆ ಒಂದಕ್ಷರ ಬದಲಾಗಬಾರದು, ಅದು ದೊಡ್ಡ ಡಾಕ್ಟರ ಭಾಷೆ."

ಅನಂತಮತಿಯವರು ಬೆರಳಚ್ಚುಗಾರ್ತಿಯಾಗಿ ಸೇರಿದವರು. ಕಂಪ್ಯೂಟರು ಬಂದ ಮೇಲೆ ತಾವೇ ಪುಸ್ತಕ ಓದಿ, ಪತ್ರ ಬರೆಯುವ ತಂತ್ರಾಂಶದ ಒಳಗೇ ಐದು ಸಣ್ಣ ಸಣ್ಣ ಆಳುಗಳನ್ನು ಕಟ್ಟಿಟ್ಟಿದ್ದರು. ಮ್ಯಾಕ್ರೊ ಎನ್ನುತ್ತಾರೆ ಅವಕ್ಕೆ. ಹೆಸರು ಹಿಡಿದು ಕರೆದರೆ ಬಂದು, ತನ್ನ ಪಾಲಿನ ಕೆಲಸ ಮಾಡಿ, ಹಿಂದಿರುಗುತ್ತವೆ. 'ವಂದನೆ' ಎಂಬುದು ಮೇಲಿನ ಒಕ್ಕಣೆ ಬರೆಯುತ್ತಿತ್ತು. 'ಮನೆಮಂದಿ' ಎಂಬುದು ಪತ್ರ ಪಡೆಯುವವರು ತೀರಿಕೊಂಡವರಿಗೆ ಏನಾಗಬೇಕೋ ನೋಡಿ, ನಿಮ್ಮ ತಾಯಿಯವರು, ನಿಮ್ಮ ಯಜಮಾನರು ಎಂದು ಹೊಂದಿಸುತ್ತಿತ್ತು. 'ನೆನಪು' ಹೆಸರು ಮತ್ತು ದಿನ ಸೇರಿಸುತ್ತಿತ್ತು. ನಾಲ್ಕನೆಯದು 'ಬೆಳಕು', "ಅವರ ಕಣ್ಣುಗಳಿಂದ ಇಬ್ಬರು ಇಂದು ಲೋಕವನ್ನು ಕಾಣುತ್ತಿದ್ದಾರೆ" ಎಂಬ ಪತ್ರದ ಮುಖ್ಯ ಮಾತು ಅದರ ಪಾಲಿನದು. ಕೊನೆಯದು 'ಸಹಿ'.

ಐದಕ್ಕೂ ಬೀಗ ಹಾಕಿತ್ತು. ಗುಪ್ತಪದವಿಲ್ಲದೆ ಒಳಗೇನಿದೆ ಎಂದು ನೋಡುವಂತಿರಲಿಲ್ಲ. ನನಗೆ ಅದು ಅಡ್ಡಿ ಅನ್ನಿಸಲಿಲ್ಲ, ನಿಜ ಹೇಳಬೇಕೆಂದರೆ ಹಿತವೇ ಆಯಿತು. ಒಳಗೆ ಹೋಗದೆ, ನನ್ನ ಭಾಷೆಯಲ್ಲೇ ಹೊರಗೆ ನಿಂತು, ಅವರ ಭಾಷೆಯ ಆಳುಗಳನ್ನು ಹೆಸರು ಹಿಡಿದು ಕರೆದರೆ ಸಾಕು. ನಡುವೆ ಗೋಡೆಯಿರುವ ಎರಡು ಮನೆಗಳವರು ಮುಖ ನೋಡದೆಯೇ ಒಂದು ಬಟ್ಟಲು ಸಕ್ಕರೆ ಕೊಟ್ಟು ತೆಗೆದುಕೊಂಡ ಹಾಗೆ. ಮನುಷ್ಯರೊಡನೆಯೂ ಇಷ್ಟೇ ಇದ್ದಿದ್ದರೆ ಎಂದು ದಿನಚರಿಯಲ್ಲಿ ಬರೆದಿದ್ದೇನೆ.

ಒಂದು ವಾರದಲ್ಲಿ ಪ್ರೋಗ್ರಾಮು ನಿಂತಿತು. ಪಟ್ಟಿಯಿಂದ ಒಂದು ಹೆಸರು ಎತ್ತಿಕೊಳ್ಳುತ್ತದೆ, ತಂತ್ರಾಂಶವನ್ನು ತೆರೆಯುತ್ತದೆ, 'ವಂದನೆ'ಯನ್ನು ಕರೆಯುತ್ತದೆ. ಪ್ರತಿ ಪತ್ರಕ್ಕೂ ಪರದೆ ಮಿನುಗಿ ಕಣ್ಣು ಕುಕ್ಕುತ್ತಿತ್ತೆಂದು ತಂತ್ರಾಂಶದ ಕಿಟಕಿಯನ್ನು ಮರೆಮಾಡಿಬಿಟ್ಟೆ. ಅದು ಕಾಣದ ಹಾಗೆ ಹಿಂದೆಲ್ಲೋ ಕೆಲಸ ಮಾಡಲಿ, ನನಗೆ ಫಲ ಬಂದರೆ ಸಾಕು ಎಂದು. 'ವಂದನೆ' ಹೋಗಿ ಬಂತು. 'ಮನೆಮಂದಿ' ಹೋಗಿ ಬಂತು. 'ನೆನಪು' ಕೂಡ. ನಾಲ್ಕನೆಯದನ್ನು ಕರೆದೆ. ಹೋದದ್ದು ಬರಲಿಲ್ಲ.

ತಪ್ಪಿದೆ ಎಂಬ ಸಂದೇಶವಾದರೂ ಬಂದಿದ್ದರೆ ಹುಡುಕಬಹುದಿತ್ತು. ಏನೂ ಇಲ್ಲ. ಪರದೆಯ ಮೇಲೆ ಪುಟ್ಟ ಮರಳುಗಡಿಯಾರ ಮಗುಚಿಕೊಳ್ಳುತ್ತ ಇತ್ತು. ಅರ್ಧ ಗಂಟೆ ಕಾದು ಪ್ರೋಗ್ರಾಮನ್ನು ಕಿತ್ತು ನಿಲ್ಲಿಸಿ ಮತ್ತೆ ನಡೆಸಿದೆ, ಮತ್ತೆ ಅದೇ. ಕರೆಯುವ ರೀತಿ ಬದಲಿಸಿದೆ, ಹೆಸರನ್ನು ಬೇರೆ ಬಗೆಯಲ್ಲಿ ಕೊಟ್ಟೆ, ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಹತ್ತೊಂಬತ್ತು ದಿನ ಹೀಗೆ ಹೋದವು. ಗುರುಸಿದ್ಧಯ್ಯನವರು ದಿನಕ್ಕೆರಡು ಸಲ ಬಾಗಿಲಲ್ಲಿ ತಲೆಯಿಟ್ಟು "ಆಯ್ತಾ?" ಎನ್ನುವರು. ನಾನು "ಆಗ್ತಾ ಇದೆ" ಎನ್ನುವೆ.

ಆ ಹತ್ತೊಂಬತ್ತು ದಿನವೂ ನನ್ನ ಎಡಗೈಯಿಂದ ಒಂದು ಗೇಣು ದೂರದ ಗೋಡೆಯಲ್ಲಿ ಪೆನ್ಸಿಲಿನಲ್ಲಿ ಬರೆದ ಫೋನು ಸಂಖ್ಯೆಯೊಂದಿತ್ತು. ಕೆಳಗೆ ದುಂಡಗಿನ ಅಕ್ಷರದಲ್ಲಿ: "ಅನಂತಮತಿ. ಬೇಕಾದರೆ ಕರೆಯಿರಿ." ನಾನು ಚೀಟಿ ಬರೆದೆ. ಮಡಚಿಟ್ಟೆ. ಬಸದಿಯ ಬೀದಿಯಲ್ಲಿ ತಂಗಿಯ ಜೊತೆ ಇದ್ದಾರೆಂದು ತಿಳಿದು ಎರಡು ಸಂಜೆ ಅಲ್ಲಿಗೆ ನಡೆದೂ ಹೋದೆ. ಬೆಳ್ಳಗೆ, ತೆಳ್ಳಗೆ ಇದ್ದ ಹೆಂಗಸೊಬ್ಬರು ಜಗಲಿಯಲ್ಲಿ ಮೊರ ಹಿಡಿದು ಕೂತಿದ್ದರು. ಗೇಟಿನ ಚಿಲಕದ ಮೇಲೆ ಕೈಯಿಟ್ಟೆ. ಏನೆಂದು ಶುರು ಮಾಡುವುದು? ದಿನಚರಿಯಲ್ಲಿ ಎರಡೂ ದಿನ ಒಂದೇ ಸಾಲು: "ಹೋದೆ. ಬಂದೆ."

ಇಪ್ಪತ್ತನೆಯ ದಿನ ಕಂಪ್ಯೂಟರು ತೀರ ನಿಧಾನವಾಯಿತೆಂದು ಒಳಗೆ ಏನೇನು ಓಡುತ್ತಿದೆ ಎಂಬ ಪಟ್ಟಿಯನ್ನು ತೆರೆದೆ. ಪತ್ರ ಬರೆಯುವ ತಂತ್ರಾಂಶ ಒಂದಲ್ಲ, ಹದಿನೇಳಿದ್ದವು. ಬೆಳಗಿನಿಂದ ನಾನು ನಡೆಸಿ, ಕಿತ್ತು ನಿಲ್ಲಿಸಿದ ಪ್ರತಿಸಲದ್ದೂ ಸಾಯದೆ, ಕಾಣದೆ, ಹಿಂದೆಲ್ಲೋ ಹಾಗೇ ಉಳಿದಿತ್ತು. ಒಂದನ್ನು ಹಿಡಿದು, ಮರೆಮಾಡಿದ ಕಿಟಕಿಯನ್ನು ಮುಂದಕ್ಕೆ ತಂದೆ. ಪರದೆಯ ನಡುವೆ ಒಂದು ಬೂದು ಪೆಟ್ಟಿಗೆ. ಅದರಲ್ಲಿ:

"ಒಮ್ಮೆ ಕಿಟಕಿಯಾಚೆ ನೋಡು. ಮುಂದುವರಿಯಲೇ?"

ಕೆಳಗೆ ಎರಡು ಗುಂಡಿ. ಹೌದು. ಇಲ್ಲ.

ಇನ್ನೊಂದನ್ನು ತಂದೆ. ಅದರಲ್ಲೂ ಅದೇ. ಹದಿನೇಳು ಪೆಟ್ಟಿಗೆಗಳು, ಹದಿನೇಳರಲ್ಲೂ ಅದೇ ಪ್ರಶ್ನೆ, ಯಾರಿಗೂ ಕಾಣದ ಜಾಗದಲ್ಲಿ ಉತ್ತರಕ್ಕೆ ಕಾಯುತ್ತ ನಿಂತಿದ್ದವು. ನನಗೆ ನಗು ಬಂತು. ಯಾಕೆಂದರೆ ನನ್ನ ಮೇಜಿನ ಎದುರಿಗೇ ಸಂಘದ ಹಳೆಯ ಭಿತ್ತಿಪತ್ರವೊಂದು ತೂಗುತ್ತಿತ್ತು: "ಹತ್ತಿರದ ಕೆಲಸ ಮಾಡುವವರು ಆಗಾಗ ದೂರ ನೋಡಿ, ಕಣ್ಣಿಗೆ ಬಿಡುವು ಕೊಡಿ." ಕಣ್ಣಿನ ಸಂಘದಲ್ಲಿ ಇಪ್ಪತ್ತಾರು ವರ್ಷ ದುಡಿದ ಹೆಂಗಸು ತನ್ನ ಕಣ್ಣಿಗೆ ಬಿಡುವು ಕೊಡಲು ತನಗೇ ಬರೆದುಕೊಂಡ ಎಚ್ಚರಿಕೆ ಎಂದುಕೊಂಡೆ. ಯಂತ್ರಕ್ಕೆಲ್ಲಿಯ ಕಣ್ಣು, ಎಲ್ಲಿಯ ಬಿಡುವು?

ಮ್ಯಾಕ್ರೊವಿನ ಒಳಗೆ ಕೈ ಹಾಕುವಂತಿರಲಿಲ್ಲ. ಆದರೆ ಪೆಟ್ಟಿಗೆ ತೆರೆದಾಗ 'ಹೌದು' ಎಂಬ ಗುಂಡಿಯನ್ನು ಬೆರಳಿಲ್ಲದೆಯೇ ಒತ್ತುವಂತೆ ನನ್ನ ಪ್ರೋಗ್ರಾಮಿಗೆ ಹೇಳಬಹುದಿತ್ತು. ನಾಲ್ಕು ಸಾಲು. ಬರೆದೆ. ಅವತ್ತೇ ಪತ್ರಗಳು ಹೊರಬಿದ್ದವು. ಹನ್ನೆರಡು ನಿಮಿಷದಲ್ಲಿ ನಾನೂರ ಹನ್ನೆರಡು. ಗುರುಸಿದ್ಧಯ್ಯನವರು ಬಿಸಿ ಬಿಸಿ ಹಾಳೆಗಳನ್ನು ಕೈಯಲ್ಲಿ ತೂಗಿ ನೋಡಿ, "ಅನಂತಮತಿಯವರು ವರ್ಷವೆಲ್ಲ ಮಾಡ್ತಿದ್ದ ಕೆಲಸ! ಭೇಷ್ ಕಂಪ್ಯೂಟರಮ್ಮ" ಎಂದರು. ಊರಿಗೆ ಬಂದ ಮೇಲೆ ನನಗೊಂದು ಹೆಸರು ಸಿಕ್ಕಿದ್ದು ಅದೇ ಮೊದಲು. ಬಹಳ ಸಂತೋಷವಾಯಿತು ಎಂದು ದಿನಚರಿಯಲ್ಲಿದೆ. ಅದನ್ನು ಆಮೇಲೆ ಹೊಡೆದುಹಾಕಿಲ್ಲ.

ಪತ್ರಗಳು ಹೋದ ಹತ್ತು ದಿನಕ್ಕೆ, ಬೆಳಿಗ್ಗೆ ಬಾಗಿಲು ತೆರೆಯುವಾಗಲೇ ಒಬ್ಬ ಮನುಷ್ಯ ಜಗಲಿಯ ಬೆಂಚಿನ ಮೇಲೆ ಕೂತಿದ್ದ. ಐವತ್ತು ದಾಟಿದವನು. ಇಸ್ತ್ರಿಯ ಬಿಳಿ ಅಂಗಿ, ಆದರೆ ಉಗುರಿನ ಸಂದಿಯಲ್ಲೆಲ್ಲ ನೀಲಿ, ಕೆಂಪು ಬಣ್ಣ. ಪಕ್ಕದಲ್ಲಿ ಸೀಬೆಹಣ್ಣಿನ ಚೀಲ.

"ಕಾಗದ ಬರೆಯೋ ಅಮ್ಮ ಇದಾರಾ?"

"ಅವರು ನಿವೃತ್ತರಾದರು. ಈಗ ನಾನು…"

"ಹೌದಾ. ಆರೋಗ್ಯವಾಗಿದಾರಲ್ಲ?" ಅವನಿಗೆ ನಿಜಕ್ಕೂ ಸಮಾಧಾನವಾದಂತೆ ಕಂಡಿತು. "ಈ ಸಲದ ಕಾಗದದಲ್ಲಿ ಕೈಬರಹ ಇರಲಿಲ್ಲ. ಏನಾದ್ರೂ ಹೆಚ್ಚುಕಡಿಮೆ ಆಯ್ತೇನೋ ಅಂತ ಮೊದಲು ಅದೇ ಗಾಬರಿ. ಆಮೇಲೆ ಕಾಗದ ಓದಿದೆ ನೋಡಿ." ಅಂಗಿಯ ಜೇಬಿನಿಂದ ಪತ್ರ ತೆಗೆದು ಮಂಡಿಯ ಮೇಲೆ ಸವರಿದ. "ನಾನು ಕರಿಬಸಪ್ಪ ಅಂತ. ಬೋರ್ಡು ಬರೀತೀನಿ. ಗಂಗಾಂಬಿಕೆ ಅಪ್ಪ."

ಗಂಗಾಂಬಿಕೆ ಪಟ್ಟಿಯಲ್ಲಿದ್ದ ನಾನೂರ ಹನ್ನೆರಡು ಹೆಸರುಗಳಲ್ಲಿ ಒಂದು. ಆರು ವರ್ಷದ ಹಿಂದೆ, ಹತ್ತೊಂಬತ್ತು ತುಂಬಿದ ಹುಡುಗಿ. ಅಷ್ಟು ನನಗೆ ನೆನಪಿತ್ತು.

"ಅವತ್ತು ಆಸ್ಪತ್ರೆ ಡಾಕ್ಟರು ಹೇಳಿದ್ರು, ಜ್ವರ ರಕ್ತಕ್ಕೆ ಏರಿತ್ತಲ್ಲ ಕರಿಬಸಪ್ಪ, ಕಣ್ಣು ತಗೊಂಡ್ವಿ, ಆದ್ರೆ ಯಾರಿಗೂ ಹಾಕೋಕಾಗಲಿಲ್ಲ ಅಂತ. ಸರಿ ಬಿಡಿ ಅಂದಿದ್ದೆ. ಈಗ ಇದರಲ್ಲಿ ಇಬ್ಬರು ನೋಡ್ತಾ ಇದಾರೆ ಅಂತ ಇದೆ." ಅವನ ಬೆರಳು ಆ ಸಾಲಿನ ಕೆಳಗೆ ನಿಂತಿತು. "ಹಾಗಾದ್ರೆ ಡಾಕ್ಟರು ತಪ್ಪು ಹೇಳಿದ್ರು ಅಂತಾಯ್ತು. ಅಲ್ವಾ?"

ನಾನು ಪತ್ರದ ಆ ಸಾಲನ್ನೇ ನೋಡಿದೆ. ಅವನು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡ.

"ಹೆಸರು ಹೇಳೋ ಹಂಗಿಲ್ಲ ಅಂತ ಗೊತ್ತಮ್ಮ. ಅದನ್ನ ಕೇಳೋಕೆ ಬಂದಿಲ್ಲ. ಇದೇ ಊರಲ್ಲಿದಾರಾ, ಬೇರೆ ಊರಲ್ಲಾ, ಅಷ್ಟು ಹೇಳಿದ್ರೆ ಸಾಕು. ಎಂಟು ದಿನದಿಂದ ಎದುರಿಗೆ ಬಂದೋರ ಕಣ್ಣೆಲ್ಲ ನೋಡ್ತಾ ಇದೀನಿ. ಬಸ್ಸಲ್ಲಿ, ಸಂತೇಲಿ. ನಿನ್ನೆ ಒಬ್ಬಾಕೆ, ಏನಯ್ಯಾ ಹಂಗೆ ನೋಡ್ತೀಯಾ ಅಂತ ಬೈದಳು." ಅವನು ನಾಚಿಕೊಂಡು ನಕ್ಕ. "ಬೇರೆ ಊರಾದ್ರೆ ನೋಡೋದು ಬಿಟ್ಟುಬಿಡ್ತೀನಿ."

"ಕೂತಿರಿ, ಬಂದೆ" ಎಂದು ಒಳಗೆ ಬಂದೆ.

ಗುರುಸಿದ್ಧಯ್ಯನವರು ಕಿಟಕಿಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದರು. ದನಿ ತಗ್ಗಿಸಿ, "ಊರು ಹೇಳೋಕೆ ನಿಯಮ ಇಲ್ಲ ಅಂತ ಕಳಿಸಮ್ಮ. ಖುಷಿಯಾಗಿದಾನೆ, ಯಾಕೆ ಕೆಡಿಸ್ತೀಯಾ? ಇಲ್ಲಾಂದ್ರೆ ಬೇರೆ ಊರು ಅಂದ್ಬಿಡು, ಮುಗೀತು" ಎಂದರು. ಅವರು ಹೇಳಿದ್ದು ಸುಲಭದ ಮಾತು. ಇನ್ನೊಂದು ಸಲ 'ಹೌದು' ಒತ್ತುವುದು, ಅಷ್ಟೇ.

ನಾನು ಫೋನು ತೆಗೆದೆ. ಚೀಟಿ ಬರೆಯಲಿಲ್ಲ.

"ಯಾರು?" ಎಂದಿತು ಆ ಕಡೆಯ ದನಿ.

"ನಾನು… ನಿಮ್ಮ ಕುರ್ಚಿಯಲ್ಲಿ ಕೂತಿರೋಳು."

"ಗೇಟಿನ ತನಕ ಬಂದು ಎರಡು ಸಲ ವಾಪಸು ಹೋದ ಹುಡುಗಿಯಾ?"

"ಹೂಂ."

"ಕರೆಯೋಣ ಅಂತಿದ್ದೆ. ಮೊರ ಕೆಳಗಿಡೋದ್ರಲ್ಲಿ ನೀನು ಬೀದಿ ತಿರುವಿನಲ್ಲಿದ್ದೆ. ಹೇಳು."

ಹೇಳಿದೆ. ಕಿಟಕಿಯಾಚೆ ನೋಡು ಎಂಬ ಪೆಟ್ಟಿಗೆ, ಅದು ಕಣ್ಣಿನ ಬಿಡುವಿಗೆಂದು ನಾನು ತಿಳಿದದ್ದು, ನಾಲ್ಕು ಸಾಲು, ಕರಿಬಸಪ್ಪ. ಅನಂತಮತಿಯವರು ಪೂರ್ತಿ ಕೇಳಿಸಿಕೊಂಡರು.

"ಕಣ್ಣಿಗಲ್ಲ ಕಣಮ್ಮ ಅದು" ಎಂದರು ಕೊನೆಗೆ. "ಹೆಸರು ಓದಿದ ಕೂಡಲೇ ಕೈ ತಾನಾಗಿ ಹೌದು ಒತ್ತಿಬಿಡುತ್ತೆ. ಕೈ ತಡೆದು ಎರಡು ಗಳಿಗೆ ಹೊರಗೆ ನೋಡಿದ್ರೆ ಆ ಮನೆ ನೆನಪಾಗುತ್ತೆ. ಯಾರದು ಉಪಯೋಗಕ್ಕೆ ಬಂತು, ಯಾರದು ಬರಲಿಲ್ಲ ಅಂತ. ಬರದೇ ಇದ್ದೋರಿಗೆ ಇಲ್ಲ ಒತ್ತಬೇಕು. ಆಗ ಆ ಮಾತು ಬಿಟ್ಟು ಐದು ಸಾಲು ಖಾಲಿ ಜಾಗ ಬರುತ್ತೆ. ಅದನ್ನ ನಾನು ಕೈಯಲ್ಲಿ ತುಂಬ್ತಿದ್ದೆ."

"ಪಟ್ಟಿಯಲ್ಲಿ ಎಲ್ಲೂ ಇರಲಿಲ್ಲ."

"ಹಾಕಬೇಡಿ ಅಂದೋರು ದೊಡ್ಡ ಡಾಕ್ಟರು. ಇವರದ್ದು ಬಂತು, ಇವರದ್ದು ಬರಲಿಲ್ಲ ಅಂತ ಮುಂದೆ ಯಾರೂ ಮನೆ ಮನೆ ವಿಂಗಡಿಸೋದು ಬೇಡ, ಕೊಟ್ಟೋರೆಲ್ಲ ಕೊಟ್ಟೋರೇ ಅಂತ. ಬೀರುವಿನ ಕೆಳಗಿನ ಖಾನೆಯಲ್ಲಿ ಆಸ್ಪತ್ರೆ ಹಾಳೆಗಳ ಕಟ್ಟಿದೆ, ನೋಡ್ಕೋ. ಮೂವತ್ತೇಳು ಮನೆ."

"ನೀವು ಒಂದ್ಸಲ ಬಂದು ಅವರ ಹತ್ರ ಮಾತಾಡ್ತೀರಾ?" ನನ್ನ ದನಿ ನನಗೇ ಅಸಹ್ಯವಾಯಿತು.

"ಬರಲ್ಲ" ಎಂದರು. ಒರಟಾಗಿಯೇನೂ ಅಲ್ಲ. "ಕಾಗದ ಕಳಿಸಿದೋಳು ನೀನು. ಆತ ಕಾಯ್ತಿದಾನೆ, ಹೋಗು."

ಬೀರುವಿನ ಕಟ್ಟು ಬಿಚ್ಚಿದೆ. ಹಾಳೆ ಸಿಕ್ಕಿತು. ಗಂಗಾಂಬಿಕೆಯ ಹೆಸರಿನ ಮುಂದೆ ಆಸ್ಪತ್ರೆಯವರ ಕೆಂಪು ಶಾಯಿಯಲ್ಲಿ 'ಇಲ್ಲ' ಎಂದಿತ್ತು.

ಜಗಲಿಗೆ ಹೋಗಿ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತೆ. ಕರಿಬಸಪ್ಪ ಎದ್ದು ನಿಲ್ಲಹೋದ. ಬೇಡ ಎಂದು ಕೈ ಮಾಡಿದೆ. ನನ್ನ ಇಡೀ ಬದುಕಿನಲ್ಲಿ ಅಷ್ಟು ಕಷ್ಟಪಟ್ಟು ಆಡಿದ ಮಾತು ಇನ್ನೊಂದಿಲ್ಲ, ಅದೂ ಎಷ್ಟು ಚಿಕ್ಕದು.

"ಡಾಕ್ಟರು ಹೇಳಿದ್ದೇ ನಿಜ. ಯಾರಿಗೂ ಹಾಕೋಕಾಗಲಿಲ್ಲ. ಎಲ್ಲರಿಗೂ ಒಂದೇ ಕಾಗದ ಹೋಗೋ ಹಾಗೆ ನಾನು ಮಾಡಿದೆ. ನಿಲ್ಲಿಸಿ ಕೇಳೋ ಜಾಗ ಒಂದಿತ್ತು, ಅದನ್ನ ಕೇಳದ ಹಾಗೆ ಮಾಡಿದ್ದೂ ನಾನೇ. ತಪ್ಪು ನನ್ನದು."

ಅವನು ಪತ್ರವನ್ನು ನೋಡುತ್ತ ಕೂತ. ಬೀದಿಯಲ್ಲಿ ಒಬ್ಬ ಹೆಂಗಸು ಕೊತ್ತಂಬರಿ ಸೊಪ್ಪಿಗೆ ಚೌಕಾಸಿ ಮಾಡುತ್ತಿದ್ದಳು. ಅದು ಮುಗಿದು, ಅವಳು ಹೊರಟೂ ಹೋದಳು.

"ನನಗೂ ಅನುಮಾನ ಇತ್ತು" ಎಂದ. "ಎಂಟು ದಿನ ಅನುಮಾನ ಬರದ ಹಂಗೆ ನೋಡ್ಕೊಂಡೆ."

ನಾನು ತಲೆ ತಗ್ಗಿಸಿದ್ದೆ. ಅವನು ಬೈಯಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಬದಲಿಗೆ ಅವನು ಪತ್ರವನ್ನು ಹಳೆಯ ಮಡಿಕೆಯಲ್ಲೇ ಮಡಚಿ ನನ್ನ ಕಡೆ ಚಾಚಿದ.

"ಇದು ನಮ್ಮ ಮನೇದಲ್ಲ. ನಮ್ಮದು ಈ ವರ್ಷ ಬರಲೇ ಇಲ್ಲ ಅಂತಾಯ್ತು. ಅದನ್ನ ಕೊಡಿ."

ತಕ್ಷಣ ಅರ್ಥವಾಗಲಿಲ್ಲ. ಅವನು ಚೀಲದಲ್ಲಿ ಸೀಬೆಹಣ್ಣಿನ ಅಡಿಯಿಂದ ಒಂದು ಪ್ಲಾಸ್ಟಿಕ್ ಕವರು ತೆಗೆದ. ಒಳಗೆ ಹಿಂದಿನ ವರ್ಷಗಳ ಕಾಗದಗಳಿದ್ದವು, ಒಂದೂ ಸುಕ್ಕಾಗಿರಲಿಲ್ಲ. ಎಲ್ಲದರಲ್ಲೂ ಅಚ್ಚಿನ ಅಕ್ಷರಗಳ ನಡುವೆ ದುಂಡಗಿನ ಕೈಬರಹದ ಐದು ಸಾಲು. ಒಂದರಲ್ಲಿ ಓದಿದೆ: "ಈ ವರ್ಷ ಮಳೆ ತಡ. ನೀವು ಬಿಸಿಲಲ್ಲಿ ಏಣಿ ಹತ್ತುವಾಗ ಜೋಪಾನ. ಗಂಗಾಂಬಿಕೆಗೆ ಮೊನ್ನೆ ಇಪ್ಪತ್ತಮೂರು ತುಂಬುತ್ತಿತ್ತು."

"ಒಳಗೆ ಬನ್ನಿ" ಎಂದೆ.

ಅವನನ್ನು ಮೇಜಿನ ಪಕ್ಕ ಕೂರಿಸಿದೆ. ನನ್ನ ಪ್ರೋಗ್ರಾಮನ್ನು ತೆರೆಯಲಿಲ್ಲ. ತಂತ್ರಾಂಶವನ್ನೇ ಪರದೆಯ ಮೇಲೆ ತೆರೆದು, ಆಳುಗಳನ್ನು ಒಂದೊಂದಾಗಿ ಕೈಯಿಂದಲೇ ಕರೆದೆ. 'ವಂದನೆ' ಬಂತು. 'ಮನೆಮಂದಿ' ಬಂದು 'ನಿಮ್ಮ ಮಗಳು' ಎಂದು ಬರೆಯಿತು. 'ನೆನಪು' ಹೆಸರು, ದಿನ ಇಟ್ಟಿತು. ನಾಲ್ಕನೆಯದನ್ನು ಕರೆದಾಗ ಬೂದು ಪೆಟ್ಟಿಗೆ ತೆರೆದುಕೊಂಡು ಎಂದಿನಂತೆ ಕೇಳಿತು. ಕರಿಬಸಪ್ಪ ಬಗ್ಗಿ ಓದಿದ. ಓದಿ, ಹೇಳಿದ ಹಾಗೆ ಕಿಟಕಿಯಾಚೆ ನೋಡಿದ. ನಾನೂ ನೋಡಿದೆ. ಆಮೇಲೆ 'ಇಲ್ಲ' ಒತ್ತಿದೆ.

ಹಾಳೆ ಹೊರಬಂತು. ನಡುವೆ ಬೆಳ್ಳಗೆ ಐದು ಸಾಲಿನ ಜಾಗ.

ಎಂಟು ವರ್ಷದ ದಿನಚರಿ ಬರೆದವಳು ನಾನು. ಸಾವಿರಾರು ಪುಟ. ಇನ್ನೊಬ್ಬರು ಓದಲೆಂದು ಒಂದು ಸಾಲನ್ನೂ ಬರೆದಿರಲಿಲ್ಲ. ಪೆನ್ನು ಹಿಡಿದು ಕೂತೆ, ಏನೂ ಹೊಳೆಯಲಿಲ್ಲ. ಅನಂತಮತಿಯವರಿಗೆ ಆ ಮನೆಗಳು ಗೊತ್ತಿದ್ದವು. ನನಗೆ ಗೊತ್ತಿದ್ದದ್ದು ಒಂದು ಹೆಸರು, ಒಂದು ತಾರೀಖು.

"ಗಂಗಾಂಬಿಕೆ ಹೇಗಿದ್ದಳು?" ಎಂದು ಕೇಳಿದೆ.

ಅವನು ಉಗುರಿನ ನೀಲಿಯನ್ನು ಕೆರೆದುಕೊಂಡ. "ಗಂಗಿ ಬಾಯಿ ಜೋರು" ಎಂದ. "ನಾನು ಏಣಿ ಮೇಲೆ ನಿಂತು ಬೋರ್ಡು ಬರೀವಾಗ ಸಾಲು ಸೊಟ್ಟ ಆಗಿದ್ರೆ ನಮಗೆ ಹತ್ತಿರದಿಂದ ತಿಳಿಯಲ್ಲ. ಅವಳು ರಸ್ತೆ ಆ ಕಡೆ ನಿಂತ್ಕೊಂಡು ಕೂಗೋಳು. ಅಪ್ಪಾ, ಎಡಕ್ಕೆ ಇಳೀತು. ಅಪ್ಪಾ, ಮಾರಾಯ, ಅಂಗಡಿಯೋನು ಜಾರಿ ಬೀಳ್ತಾನೆ. ಬೀದಿಯೆಲ್ಲ ನಗೋದು. ಐದು ವರ್ಷದ ಮಗು ಇದ್ದಾಗಿಂದ ಅವಳದೇ ಅಳತೆ. ಈ ಊರಿನ ಅರ್ಧ ಬೋರ್ಡು ಅವಳು ನಿಂತು ನೋಡಿದ್ದು. ಈಗ ದಾರ ಕಟ್ಕೊಂಡು ಬರೀತೀನಿ."

"ಯಾವ ಯಾವ ಬೋರ್ಡು?"

ಅವನು ಹೇಳತೊಡಗಿದ. ಬಳೆ ಅಂಗಡಿ, ಔಷಧಿ ಅಂಗಡಿ, ಹೆಣ್ಣುಮಕ್ಕಳ ಶಾಲೆ, ನಾನು ಬಾಡಿಗೆಗಿದ್ದ ಮನೆಯ ಕೆಳಗಿನ ಹಿಟ್ಟಿನ ಗಿರಣಿ. ದಿನಾ ಅದರ ಕೆಳಗೇ ಹಾದುಹೋಗುತ್ತಿದ್ದೆ; ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ. ಅವನು ಹೇಳುತ್ತಲೇ ಇದ್ದ, ನಾನು ಬರೆಯತೊಡಗಿದೆ. ಐದು ಸಾಲು ಸಾಲದೆ ಕೊನೆಯದು ಅಂಚಿಗೆ ಹತ್ತಿ ಹೋಯಿತು. ಏನು ಬರೆದೆನೆಂದು ಇಲ್ಲಿ ಹೇಳುವುದಿಲ್ಲ. ಅದು ಅವರ ಮನೆಯದು.

ಕರಿಬಸಪ್ಪ ಪತ್ರವನ್ನು ತೋಳಿನುದ್ದ ದೂರ ಹಿಡಿದು, ತಲೆಯನ್ನು ಸ್ವಲ್ಪ ಓರೆ ಮಾಡಿ, ಓದುವ ಮೊದಲು ಸಾಲುಗಳನ್ನೇ ಅಳೆದು ನೋಡಿದ.

"ಬಲಕ್ಕೆ ಇಳೀತಾ ಇದೆ" ಎಂದ. ಆಮೇಲೆ, "ಇರಲಿ."

ಓದಿ, ಹಳೆಯ ಕಾಗದಗಳ ಜೊತೆ ಸೇರಿಸಿ, ಕವರಿನ ಬಾಯಿ ಮಡಚಿದ. ಸೀಬೆಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟ. ಬೇಡ ಎಂದರೆ "ಅಮ್ಮನಿಗೆ ಅಂತ ತಂದಿದ್ದು, ಇಬ್ಬರೂ ಹಂಚ್ಕೊಳ್ಳಿ" ಎಂದ. ಬಾಗಿಲಲ್ಲಿ ನಿಂತು, ಒಂದು ಕ್ಷಣ, ನನ್ನ ಕಣ್ಣನ್ನು ನೋಡಿದ. ಎಂಟು ದಿನದ ರೂಢಿ ಇರಬೇಕು. ನಾನು ನೋಟ ತಪ್ಪಿಸಲಿಲ್ಲ.

ಅವನು ಹೋದ ಮೇಲೆ ಗುರುಸಿದ್ಧಯ್ಯನವರು ಬಂದು ಬಾಗಿಲಿಗೆ ಒರಗಿ ನಿಂತರು. "ಇನ್ನೂ ಮೂವತ್ತಾರು ಮನೆಗೆ ತಪ್ಪಾಯ್ತು ಅಂತ ಬರೀತೀರೇನು? ಸಂಘದ ಹೆಸರೇನಾಗುತ್ತೆ?"

"ಬರೀತೀನಿ. ಕೆಲವು ಮನೆಗೆ ಹೋಗಿ ಬರಬೇಕಾಗುತ್ತೆ. ನನಗೆ ಅವರು ಯಾರೂ ಗೊತ್ತಿಲ್ಲ."

ಅವರು ಚೀಲದಿಂದ ಒಂದು ಸೀಬೆಹಣ್ಣು ಎತ್ತಿಕೊಂಡು ಒಳಗೆ ನಡೆದರು.

ನಾನು ಆ ನಾಲ್ಕು ಸಾಲುಗಳನ್ನು ಪ್ರೋಗ್ರಾಮಿನಿಂದ ಅಳಿಸಿದೆ. ಮರೆಮಾಡಿದ್ದ ಕಿಟಕಿಯನ್ನು ಮುಂದಕ್ಕೆ ತಂದೆ. ಹಾಳೆಗಳ ಕಟ್ಟಿನಿಂದ ಮುಂದಿನ ಹೆಸರನ್ನು ಎತ್ತಿಕೊಂಡು ಮೆಲ್ಲಗೆ ಬಾಯಿಬಿಟ್ಟು ಓದಿದೆ. ಯಾರೋ ಚಂದವ್ವ, ಅರವತ್ತೆರಡು ವರ್ಷ. ಪೆಟ್ಟಿಗೆ ತೆರೆದು ತನ್ನ ಪ್ರಶ್ನೆ ಕೇಳಿತು. ಕತ್ತು ಹೊರಳಿಸಬೇಕೆಂದುಕೊಂಡೆ, ಹೊರಳಿಸುವ ಅಗತ್ಯ ಬೀಳಲಿಲ್ಲ. ಕುರ್ಚಿ ಯಾವಾಗಲೋ ತಿರುಗಿ, ಅದರ ನಾಲ್ಕೂ ಕಾಲುಗಳು ಹಳೆಯ ಗುಳಿಗಳಲ್ಲಿ ಕೂತಿದ್ದವು. ಎದುರಿನ ತೊಟ್ಟಿ ಆಗತಾನೇ ತುಂಬಿತ್ತು. ಬಿಸಿಲಿಗೆ ಹೊಳೆಯುತ್ತ ನೀರಿನ ದಾರ ಅಂಚಿನಿಂದ ಇಳಿಯುತ್ತಿತ್ತು. ಯಾರೋ ಗೊಣಗುತ್ತ ಬಂದು ಮೋಟರು ಆರಿಸುವವರೆಗೆ, ಆ ದಾರ ತುಂಡಾಗಿ ಹನಿಯಾಗುವವರೆಗೆ, ಕೊನೆಯ ಹನಿಯೂ ನಿಲ್ಲುವವರೆಗೆ ನೋಡುತ್ತ ಕೂತಿದ್ದೆ.